ಮುಟ್ಟು ನಿಲ್ಲುವ ವರ್ಷಗಳ ಸಿಡುಕು, ದಿಗಿಲು: ಮೊದಲು ರಾತ್ರಿಯ ಲೆಕ್ಕ ಇಡಿ

ಮಾನ್ಯ ಸಂಪಾದಕರಿಗೆ,

ಮುಟ್ಟು ನಿಲ್ಲುವ ಕಾಲದ ಬಗ್ಗೆ ಆರೋಗ್ಯ ಪುಟಗಳಲ್ಲಿ ಬರುವ ಬರಹಗಳು ಮೈ ಬಿಸಿಯೇರುವುದು, ಬೆವರು, ಮೂಳೆ ಸವೆತ ಇವುಗಳಿಂದ ಶುರುವಾಗುತ್ತವೆ. ಸಿಡುಕು, ದಿಗಿಲುಗಳ ಪಾಲಿಗೆ ಕೊನೆಯಲ್ಲಿ ಒಂದು ಸಾಲು ಉಳಿದಿರುತ್ತದೆ: ಧ್ಯಾನ ಮಾಡಿ, ಮನಸ್ಸನ್ನು ಹಗುರವಾಗಿಟ್ಟುಕೊಳ್ಳಿ. ಆದರೆ ಎಷ್ಟೋ ಹೆಂಗಸರಲ್ಲಿ ಎಲ್ಲಕ್ಕಿಂತ ಮೊದಲು ಕಾಣಿಸಿಕೊಳ್ಳುವುದೇ ಸಿಡುಕು. ಆಗಿನ್ನೂ ಮುಟ್ಟು ಹೆಚ್ಚುಕಡಿಮೆ ತಿಂಗಳಿಗೊಮ್ಮೆ ಆಗುತ್ತಲೇ ಇರುತ್ತದೆ. ಹಾಗಾಗಿ ಇದಕ್ಕೂ ಅದಕ್ಕೂ ನಂಟಿರಬಹುದೆಂದು ಆಕೆಗೂ ಹೊಳೆಯುವುದಿಲ್ಲ, ಮನೆಯವರಿಗೂ ಹೊಳೆಯುವುದಿಲ್ಲ. ಎದೆ ಡವಡವ ಎಂದಾಗ ಹೃದಯದ ವೈದ್ಯರ ಬಳಿ ಹೋಗುತ್ತಾರೆ, ಇಸಿಜಿ ಸರಿಯಾಗಿದೆ ಎಂದು ಹೇಳಿಸಿಕೊಂಡು ಮರಳುತ್ತಾರೆ. ಮನೆಯಲ್ಲಿ 'ಇತ್ತೀಚೆಗೆ ಯಾಕೋ ಸ್ವಭಾವವೇ ಬದಲಾಗಿದೆ' ಎಂಬ ಮಾತು ಹುಟ್ಟಿಕೊಂಡಿರುತ್ತದೆ. ಆ ಒಂದು ಸಾಲಿನ ಸಲಹೆಯ ಜಾಗದಲ್ಲಿ ಏನಿರಬೇಕೆಂದು ಸ್ವಲ್ಪ ವಿವರವಾಗಿ ತಿಳಿಸಲು ಈ ಪತ್ರ.

ಸತತ 12 ತಿಂಗಳು ಮುಟ್ಟಾಗದಿದ್ದರೆ ಮುಟ್ಟು ನಿಂತಿತು ಎಂದು ಲೆಕ್ಕ. ಬಹುಪಾಲು ಹೆಂಗಸರಿಗೆ ಇದು 45ರಿಂದ 55ರ ನಡುವೆ. ಅದಕ್ಕೆ ಮುಂಚಿನ ಏರುಪೇರಿನ ಕಾಲ ನಾಲ್ಕು ವರ್ಷ ಇರಬಹುದು, ಕೆಲವರಿಗೆ ಎಂಟು ವರ್ಷ. ಒಂದು ಸಲ 26 ದಿನಕ್ಕೆ, ಇನ್ನೊಂದು ಸಲ 34 ದಿನಕ್ಕೆ ಎಂಬಂತೆ ಮುಟ್ಟಿನ ಅಂತರದಲ್ಲಿ 7 ದಿನ ಅಥವಾ ಅದಕ್ಕಿಂತ ಹೆಚ್ಚು ವ್ಯತ್ಯಾಸ ಮತ್ತೆ ಮತ್ತೆ ಬರತೊಡಗಿದರೆ ಮೊದಲ ಘಟ್ಟ. ಮುಟ್ಟು 60 ದಿನ ತಪ್ಪಿತೆಂದರೆ ಎರಡನೆಯ ಘಟ್ಟ. ಅಲ್ಲಿಂದ ಕೊನೆಯ ಮುಟ್ಟಿಗೆ ಸುಮಾರು ಒಂದರಿಂದ ಮೂರು ವರ್ಷ. ಗರ್ಭಕೋಶ ತೆಗೆಸಿ ಅಂಡಾಶಯ ಉಳಿಸಿಕೊಂಡವರಿಗೆ ಈ ಗುರುತುಗಳು ಸಿಗುವುದೇ ಇಲ್ಲ. ಅವರಿಗೆ ನಿದ್ದೆ, ಬೆವರು, ಮನಸ್ಸು ಇವೇ ಗುರುತು. ಎರಡೂ ಅಂಡಾಶಯ ತೆಗೆಸಿದವರಲ್ಲಿ ವರ್ಷಗಟ್ಟಲೆ ಹಿಡಿಯಬೇಕಾದ ಬದಲಾವಣೆ ಕೆಲವೇ ದಿನಗಳಲ್ಲಿ ಮುಗಿದುಹೋಗುವುದರಿಂದ ತೊಂದರೆಯೂ ಜೋರು.

ಅಂಡಾಶಯ ತಯಾರಿಸುವ ಈಸ್ಟ್ರೋಜನ್ ಎಂಬ ಹಾರ್ಮೋನು ಕಡಿಮೆಯಾಗುವುದರಿಂದ ಹೀಗಾಗುತ್ತದೆ ಎಂದು ಎಲ್ಲರೂ ಬರೆಯುತ್ತಾರೆ. ಅದು ಅರ್ಧ ಮಾತು. ಏರುಪೇರಿನ ಕಾಲದಲ್ಲಿ ಈಸ್ಟ್ರೋಜನ್ ಮೆಟ್ಟಿಲಿಳಿದಂತೆ ಇಳಿಯುವುದಿಲ್ಲ. ಒಂದು ವಾರ ಮೊದಲಿಗಿಂತಲೂ ಮೇಲೇರಿ, ಮುಂದಿನ ವಾರ ಧೊಪ್ಪನೆ ಬೀಳುತ್ತದೆ. ಸೆರೊಟೊನಿನ್, ನಾರ್‌ಅಡ್ರಿನಲಿನ್‌ನಂಥ ಮಿದುಳಿನ ರಾಸಾಯನಿಕಗಳು ಈಸ್ಟ್ರೋಜನ್ ಜೊತೆ ತಾಳ ಹಾಕುವಂಥವು. ತಾಳ ತಪ್ಪಿದಾಗ ಕಷ್ಟವಾಗುವುದು ಮಟ್ಟ ಕಡಿಮೆ ಇದೆಯೆಂದಲ್ಲ, ಅದು ಒಂದೆಡೆ ನಿಲ್ಲುತ್ತಿಲ್ಲವೆಂದು. ಅದಕ್ಕೇ ಮುಟ್ಟು ನಿಂತು ಒಂದೆರಡು ವರ್ಷ ಕಳೆದ ಮೇಲೆ ಹಲವರ ಮನಸ್ಸು ತಾನಾಗಿ ತಿಳಿಯಾಗುತ್ತದೆ.

ಇನ್ನರ್ಧ ಇನ್ನೊಂದು ಹಾರ್ಮೋನಾದ ಪ್ರೊಜೆಸ್ಟೆರಾನ್‌ನದು. ಅಂಡಾಶಯದಿಂದ ಅಂಡ ಹೊರಬಿದ್ದ ತಿಂಗಳಲ್ಲಿ ಮಾತ್ರ ಇದು ಚೆನ್ನಾಗಿ ತಯಾರಾಗುತ್ತದೆ. ದೇಹ ಇದರಿಂದ ಅಲೊಪ್ರೆಗ್ನನೊಲೋನ್ ಎಂಬ ವಸ್ತುವನ್ನು ಮಾಡಿಕೊಳ್ಳುತ್ತದೆ. ಮಿದುಳಿನಲ್ಲಿ ಗಾಬಾ ಎಂಬ ಶಾಮಕ ವ್ಯವಸ್ಥೆಯಿದೆ. ನಿದ್ದೆ ಮಾತ್ರೆಗಳು ಹಲವು ಕೆಲಸ ಮಾಡುವುದು ಅಲ್ಲೇ, ಅಲೊಪ್ರೆಗ್ನನೊಲೋನ್ ಕೆಲಸ ಮಾಡುವುದೂ ಅಲ್ಲೇ. ನಲವತ್ತರ ನಂತರ ಅಂಡ ಬಿಡದ ತಿಂಗಳುಗಳು ಹೆಚ್ಚಿದಂತೆ ಈ ಒಳಗಿನ ಶಾಮಕ ಕೆಲವು ತಿಂಗಳು ಸಿಗುತ್ತದೆ, ಕೆಲವು ತಿಂಗಳು ಸಿಗುವುದಿಲ್ಲ. ಮುಟ್ಟಿಗೆ ಮುಂಚೆ ಸಿಡುಕುವ ಅಭ್ಯಾಸ ಮೊದಲಿನಿಂದ ಇದ್ದವರಿಗೆ, ಹೆರಿಗೆಯ ನಂತರ ಖಿನ್ನತೆ ಬಂದಿದ್ದವರಿಗೆ ಇದರ ಪೆಟ್ಟು ಹೆಚ್ಚು. ಹಾಗೆಂದು ಉಳಿದವರು ಪಾರು ಎಂದೇನಲ್ಲ. 1990ರ ದಶಕದಲ್ಲಿ ಅಮೆರಿಕದಲ್ಲಿ ಶುರುವಾಗಿ ಸಾವಿರಾರು ಹೆಂಗಸರನ್ನು ವರ್ಷಗಟ್ಟಲೆ ಗಮನಿಸಿದ ಸ್ವಾನ್ ಅಧ್ಯಯನದಲ್ಲಿ, ಮೊದಲು ಆತಂಕವೇ ಅಷ್ಟಾಗಿ ಇಲ್ಲದಿದ್ದವರಲ್ಲೂ ಈ ಕಾಲದಲ್ಲಿ ಆತಂಕ ಹೊಸದಾಗಿ ಏರಿದ್ದು ಕಂಡುಬಂದಿತು. 'ನಾನು ಅಂಥವಳಲ್ಲ' ಎಂದುಕೊಂಡೇ ವರ್ಷ ಕಳೆಯುವವರು ಇದನ್ನು ತಿಳಿದಿರಬೇಕು.

ಹಾರ್ಮೋನು ಹೀಗೆ ದಿನದಿಂದ ದಿನಕ್ಕೆ ಕುಣಿಯುವುದರಿಂದಲೇ 45 ದಾಟಿದವರಲ್ಲಿ, ಅಂಡಾಶಯವನ್ನು ಪ್ರಚೋದಿಸುವ ಹಾರ್ಮೋನನ್ನು ರಕ್ತದಲ್ಲಿ ಅಳೆಯುವ ಎಫ್‌ಎಸ್‌ಎಚ್ ಪರೀಕ್ಷೆಯಿಂದ ಏನೂ ತೀರ್ಮಾನವಾಗುವುದಿಲ್ಲ. ಇವತ್ತು ಹೆಚ್ಚು ಬಂದದ್ದು ಮುಂದಿನ ತಿಂಗಳು ಸಹಜವಾಗಿರಬಹುದು. 'ರಿಪೋರ್ಟ್ ನಾರ್ಮಲ್, ನಿಮಗೇನೂ ಆಗಿಲ್ಲ' ಎಂಬ ಮಾತಿನಿಂದ ಆಗುವ ಹಾನಿ ದೊಡ್ಡದು. ವಯಸ್ಸು, ಮುಟ್ಟಿನ ಅಂತರ, ತೊಂದರೆಗಳ ವಿವರ ಇವಿಷ್ಟರಿಂದಲೇ ನಿರ್ಧಾರವಾಗಬೇಕು. 45ಕ್ಕಿಂತ ಚಿಕ್ಕವರಲ್ಲಿ ಮಾತ್ರ ಪರೀಕ್ಷೆ ಉಪಯೋಗಕ್ಕೆ ಬರುತ್ತದೆ. 40ಕ್ಕೆ ಮುಂಚೆಯೇ ಮುಟ್ಟು ನಿಲ್ಲುತ್ತಿದ್ದರೆ ಪರೀಕ್ಷೆ ಬಿಡಲೇಬಾರದು, ಅವರ ಚಿಕಿತ್ಸೆಯ ದಾರಿಯೇ ಬೇರೆ.

ಇಷ್ಟರಲ್ಲಿ ರಾತ್ರಿಯ ಮಾತು ಬಂದಿಲ್ಲ. ನಮ್ಮ ದೃಷ್ಟಿಯಲ್ಲಿ ಈ ವಿಷಯದ ತಿರುಳು ಅಲ್ಲೇ ಇದೆ. ದೇಹದ ಉಷ್ಣತೆ ಸ್ವಲ್ಪ ಏರಿದರೂ ಇಳಿದರೂ ಮಿದುಳು ಸುಮ್ಮನಿರುವ ಒಂದು ಸಹನೆಯ ಪಟ್ಟಿ ಇರುತ್ತದೆ. ಈಸ್ಟ್ರೋಜನ್ ಬಿದ್ದಾಗ ಆ ಪಟ್ಟಿ ತೀರಾ ಕಿರಿದಾಗುತ್ತದೆ. ಆಗ ಹೊದಿಕೆಯೊಳಗಿನ ಸಣ್ಣ ಶಾಖವನ್ನೂ ಮಿದುಳು ಬೇಗೆ ಎಂದುಕೊಂಡು ಚರ್ಮದ ರಕ್ತನಾಳಗಳನ್ನು ತೆರೆದು, ಬೆವರು ಹರಿಸಿ, ಎದೆಬಡಿತ ಹೆಚ್ಚಿಸುತ್ತದೆ. ಒಂದರಿಂದ ಐದು ನಿಮಿಷ ಇದರ ಆಟ. ಆಮೇಲೆ ಒದ್ದೆ ಬಟ್ಟೆ, ನಡುಕ. ಎದ್ದದ್ದು ಬಿಸಿಯಿಂದಲೇ ಎಂದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಗೊತ್ತಾಗುವುದು ಮೂರು ಗಂಟೆಗೆ ಎಚ್ಚರವಾಗಿ ಎದೆ ಹೊಡೆದುಕೊಳ್ಳುತ್ತಿರುವುದು ಮಾತ್ರ. ಹೊಡೆದುಕೊಳ್ಳುವ ಎದೆಗೆ ಮನಸ್ಸು ಒಂದು ಕಾರಣ ಹುಡುಕುತ್ತದೆ: ಮಗನ ಕೆಲಸ, ಅಪ್ಪನ ಆರೋಗ್ಯ, ನಾಳೆಯ ಲೆಕ್ಕ. ಹೀಗೆ ಉಷ್ಣದಿಂದ ಶುರುವಾದದ್ದು ಚಿಂತೆಯ ವೇಷ ತೊಟ್ಟು ಬೆಳಗಿನವರೆಗೆ ಕೂರುತ್ತದೆ. ವಾರಕ್ಕೆ ನಾಲ್ಕು ರಾತ್ರಿ ಹೀಗಾದರೆ ಯಾವ ವಯಸ್ಸಿನವರೇ ಆಗಲಿ, ಯಾವ ಸ್ವಭಾವದವರೇ ಆಗಲಿ, ಹಗಲು ಸಿಡುಕದೆ ಇರಲಾರರು. ಮತ್ತೆ ಮತ್ತೆ ಬರುವ ಬಿಸಿಯ ಕಾಟ ಒಟ್ಟು ಎಷ್ಟು ಕಾಲ ಇರುತ್ತದೆ ಎಂಬುದಕ್ಕೆ ಅದೇ ಸ್ವಾನ್ ಅಧ್ಯಯನ ಕೊಟ್ಟ ಮಧ್ಯಮ ಲೆಕ್ಕ 7.4 ವರ್ಷ. 'ಸ್ವಲ್ಪ ದಿನ ತಡೆದುಕೋ' ಎನ್ನುವವರು ಈ ಅಂಕಿಯನ್ನು ನೆನಪಿಡಬೇಕು.

ಆದ್ದರಿಂದ ಮೊದಲ ಕೆಲಸ ಪುಸ್ತಕ, ಪೆನ್ನು. ಎಂಟು ವಾರ, ದಿನಕ್ಕೆ ಎರಡು ನಿಮಿಷ. ಬೆಳಗ್ಗೆ ಎದ್ದ ಕೂಡಲೇ: ಎಷ್ಟು ಸಲ ಎಚ್ಚರವಾಯಿತು, ಯಾವ ಹೊತ್ತಿಗೆ, ಮೈ ಬಿಸಿ ಅಥವಾ ಒದ್ದೆ ಇತ್ತೇ, ಒಟ್ಟು ನಿದ್ದೆ ಎಷ್ಟು ಗಂಟೆ. ರಾತ್ರಿ ಮಲಗುವ ಮುನ್ನ: ಹಗಲಿನಲ್ಲಿ ಎಷ್ಟು ಸಲ ಮೈ ಬಿಸಿಯಾಯಿತು, ಸಿಡುಕಿಗೆ 0ರಿಂದ 10ರೊಳಗೆ ಒಂದು ಅಂಕ, ದಿಗಿಲಿಗೆ ಇನ್ನೊಂದು ಅಂಕ, ಕಾಫಿ ಟೀ ಎಷ್ಟು, ಕೊನೆಯದು ಎಷ್ಟು ಗಂಟೆಗೆ, ಮುಟ್ಟಾಗಿದ್ದರೆ ಎಷ್ಟನೆಯ ದಿನ, ಸ್ರಾವ ಎಷ್ಟು, ರೇಗಿದ್ದರೆ ಯಾವುದರ ಮೇಲೆ, ಐದೇ ಮಾತಿನಲ್ಲಿ. ಸಿಡುಕಿಗೂ ದಿಗಿಲಿಗೂ ಒಂದೇ ಅಂಕ ಕೊಡಬೇಡಿ, ಎರಡರ ಮೂಲ ಬೇರೆ ಬೇರೆ ಇರಬಹುದು. ವಾರದ ಕೊನೆಗೆ ಕೂತು ನೆನಪಿನಿಂದ ತುಂಬಿಸಿದರೆ ಪ್ರಯೋಜನವಿಲ್ಲ: ಆ ದಿನದ ಮನಸ್ಸು ಇಡೀ ವಾರಕ್ಕೆ ಬಣ್ಣ ಬಳಿಯುತ್ತದೆ. ಕೆಟ್ಟ ದಿನಗಳನ್ನು ಮಾತ್ರ ಬರೆಯುವುದು ಇನ್ನೊಂದು ತಪ್ಪು. ಒಳ್ಳೆಯ ದಿನದ ಹಿಂದಿನ ರಾತ್ರಿ ಹೇಗಿತ್ತು ಎಂಬುದರಲ್ಲೇ ಅರ್ಧ ಉತ್ತರ ಇರುತ್ತದೆ.

ಎಂಟು ವಾರವಾದ ಮೇಲೆ ಓದಿದರೆ ಸಾಮಾನ್ಯವಾಗಿ ನಾಲ್ಕರಲ್ಲಿ ಒಂದು ಚಿತ್ರ ಕಾಣುತ್ತದೆ. ಒದ್ದೆ ರಾತ್ರಿಯ ಮರುದಿನವೇ ಸಿಡುಕು ಏರುತ್ತಿದ್ದರೆ ಮೊದಲು ಹಿಡಿಯಬೇಕಾದದ್ದು ರಾತ್ರಿಯ ಬಿಸಿ ಮತ್ತು ನಿದ್ದೆ. ಮುಟ್ಟಿಗೆ ಮುಂಚಿನ ವಾರ ಏರಿ, ಸ್ರಾವ ಶುರುವಾದ ಒಂದೆರಡು ದಿನಕ್ಕೆ ಇಳಿಯುತ್ತಿದ್ದರೆ ಹಾರ್ಮೋನಿನ ಏರಿಳಿತದ ಪಾಲು ದೊಡ್ಡದು. ಒಳ್ಳೆಯ ನಿದ್ದೆಯಿದ್ದೂ, ಯಾವ ವಾರವೆಂಬ ಭೇದವಿಲ್ಲದೆ ದಿನವೂ ದಿಗಿಲು ಇದ್ದರೆ ಆತಂಕದ ಕಾಯಿಲೆಯನ್ನೋ ದೇಹದ ಬೇರೆ ತೊಂದರೆಯನ್ನೋ ಹುಡುಕಬೇಕು. ನಾಲ್ಕನೆಯದನ್ನು ಯಾರೂ ಹೇಳುವುದಿಲ್ಲ: ರೇಗಿದ ದಿನಗಳೆಲ್ಲದರ ಎದುರು ಅದೇ ಕೆಲಸ, ಅದೇ ಮಾತು, ಅದೇ ವ್ಯಕ್ತಿ. ಕೋಪದ ಎತ್ತರ ದೇಹದ್ದಿರಬಹುದು, ಕೋಪದ ವಿಷಯ ನಿಜವೇ ಇರಬಹುದು. ಇಪ್ಪತ್ತು ವರ್ಷ ನುಂಗಿಕೊಂಡದ್ದು ಈಗ ನುಂಗಲಾಗುತ್ತಿಲ್ಲ ಅಷ್ಟೇ. ಅಂಥ ಕಡೆ ಮಾತ್ರೆಗಿಂತ ಮೊದಲು ಮನೆಗೆಲಸದ ಹಂಚಿಕೆ ಬದಲಾಗಬೇಕು. ಆ ಮಾತುಕತೆಗೂ ಇದೇ ಪುಸ್ತಕ ಒದಗುತ್ತದೆ.

ಎಲ್ಲವನ್ನೂ ಮುಟ್ಟು ನಿಲ್ಲುವ ಲೆಕ್ಕಕ್ಕೆ ಬರೆದುಬಿಡುವುದು ಇನ್ನೊಂದು ಅಪಾಯ. ಥೈರಾಯ್ಡ್ ಹೆಚ್ಚಾದರೆ ಎದೆಬಡಿತ, ಬೆವರು, ಕೈನಡುಕ, ಸಿಡುಕು, ತೂಕ ಇಳಿಕೆ. ಕಡಿಮೆಯಾದರೆ ಮಂಕು, ತೂಕ ಏರಿಕೆ, ಹೆಚ್ಚು ಸ್ರಾವ. ಎರಡೂ ಈ ಕಾಲದ ತೊಂದರೆಗಳಂತೆಯೇ ಕಾಣುತ್ತವೆ. ಟಿಎಸ್‌ಎಚ್ ಎಂಬ ಥೈರಾಯ್ಡ್ ರಕ್ತಪರೀಕ್ಷೆ ಬೇಕೇ ಬೇಕು. ಕೂದಲು ಉದುರುತ್ತದೆಂದು ಬಯೊಟಿನ್ ಮಾತ್ರೆ ನುಂಗುತ್ತಿರುವವರು ಪರೀಕ್ಷೆಗೆ ಕನಿಷ್ಠ ಎರಡು ದಿನ ಮುಂಚೆ ಅದನ್ನು ನಿಲ್ಲಿಸಬೇಕು. ಇಲ್ಲದಿದ್ದರೆ ಥೈರಾಯ್ಡ್ ಸರಿಯಿದ್ದರೂ ಹೆಚ್ಚಾಗಿದೆ ಎಂದು ವರದಿ ಬರಬಹುದು. ಸ್ರಾವ ಏಳು ದಿನ ಮೀರುತ್ತಿದ್ದರೆ, ಗಂಟೆ ಎರಡು ಗಂಟೆಗೊಮ್ಮೆ ಪ್ಯಾಡ್ ಬದಲಿಸಬೇಕಾಗುತ್ತಿದ್ದರೆ, ದೊಡ್ಡ ಹೆಪ್ಪು ಬೀಳುತ್ತಿದ್ದರೆ ಕಬ್ಬಿಣಾಂಶ ಕರಗುತ್ತಿರುತ್ತದೆ. ಹಿಮೊಗ್ಲೋಬಿನ್ 12 ಗ್ರಾಂಗಿಂತ ಕೆಳಗಿಳಿಯುವ ಮುನ್ನವೇ ಫೆರಿಟಿನ್ (ದೇಹದ ಕಬ್ಬಿಣದ ದಾಸ್ತಾನು) ಬರಿದಾಗಿ ಸುಸ್ತು, ಕಿರಿಕಿರಿ, ರಾತ್ರಿ ಕಾಲು ಎಳೆತ ಶುರುವಾಗಬಹುದು. ಆದ್ದರಿಂದ ಎರಡನ್ನೂ ನೋಡಬೇಕು, ಜೊತೆಗೆ ಬಿ12, ಸಕ್ಕರೆ, ರಕ್ತದೊತ್ತಡ. ಗೊರಕೆಯ ನಡುವೆ ಉಸಿರು ಕಟ್ಟುವ ತೊಂದರೆ ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಹೆಚ್ಚುತ್ತದೆ. ಅದರ ಬಗ್ಗೆ ಪಕ್ಕದಲ್ಲಿ ಮಲಗುವವರನ್ನೇ ಕೇಳಬೇಕು. ನುಂಗುತ್ತಿರುವ ಔಷಧಗಳನ್ನೂ ಒಮ್ಮೆ ನೋಡಿ: ಥೈರಾಯ್ಡ್ ಕಡಿಮೆಯಿದ್ದವರಿಗೆ ಕೊಡುವ ಥೈರಾಕ್ಸಿನ್ ಪ್ರಮಾಣ ಹೆಚ್ಚಾಗಿದ್ದರೆ, ಸ್ಟೀರಾಯ್ಡ್, ಉಬ್ಬಸದ ಸಾಲ್ಬುಟಮಾಲ್, ಮೂಗು ಕಟ್ಟಿದ್ದಕ್ಕೆ ಕೊಡುವ ಕೆಲವು ಮಾತ್ರೆಗಳು ಇವೆಲ್ಲ ಎದೆ ನಡುಗಿಸುತ್ತವೆ.

ಮೈ ಬಿಸಿಯೇರುವುದನ್ನೂ ದಿಗಿಲಿನ ದಾಳಿಯನ್ನೂ ಬೇರ್ಪಡಿಸುವುದು ಹೇಗೆಂದು ಹಲವರು ಕೇಳುತ್ತಾರೆ. ಬಿಸಿ ಎದೆಯಿಂದಲೋ ಕತ್ತಿನಿಂದಲೋ ಹೊರಟು ಮುಖಕ್ಕೆ ಏರುತ್ತದೆ, ಐದು ನಿಮಿಷದೊಳಗೆ ಇಳಿದು ಮೈಗೆ ಚಳಿಯಾಗುತ್ತದೆ. ದಿಗಿಲಿನ ದಾಳಿ ಹತ್ತು ನಿಮಿಷದಲ್ಲಿ ತುತ್ತತುದಿಗೇರಿ ಅರ್ಧ ಗಂಟೆಯವರೆಗೂ ಎಳೆಯಬಹುದು. ಉಸಿರು ಸಾಲದು, ಬೆರಳು ಜುಮ್ಮೆನ್ನುತ್ತದೆ, ಈಗಲೇ ಸಾಯುತ್ತೇನೆ ಎಂಬ ಭಯ. ಕೆಲವರಿಗೆ ಬಿಸಿಯೇರುವ ಅರೆಗಳಿಗೆ ಮುಂಚೆ ಕಾರಣವಿಲ್ಲದ ತಳಮಳ ಬರುತ್ತದೆ; ಅದು ಬಿಸಿಯ ಮುನ್ಸೂಚನೆ ಎಂದು ಗುರುತಿಸಿಕೊಂಡರೆ ಅದು ದಾಳಿಯಾಗಿ ಬೆಳೆಯುವುದು ತಪ್ಪುತ್ತದೆ. ಎದೆನೋವು ದವಡೆಗೋ ತೋಳಿಗೋ ಹರಿದರೆ, ನಡೆದಾಗ ಏದುಸಿರು ಬಂದರೆ, ತಲೆಸುತ್ತಿ ಬಿದ್ದರೆ ಇದಾವುದನ್ನೂ ಲೆಕ್ಕ ಹಾಕುತ್ತ ಕೂರಬಾರದು, ಕೂಡಲೇ ಆಸ್ಪತ್ರೆಗೆ ಹೋಗಬೇಕು. ಹೆಂಗಸರ ಹೃದಯಾಘಾತ 'ಗಾಬರಿ' ಎಂಬ ಹೆಸರಿನಲ್ಲಿ ತಪ್ಪಿಹೋಗುವುದುಂಟು.

ಇನ್ನು ಮನೆಯಲ್ಲಿ ಮಾಡಬಹುದಾದದ್ದು. ಉಸಿರಾಟದ ವ್ಯಾಯಾಮದ ಬಗ್ಗೆ ಸಲಹೆ ಸಿಗುತ್ತದೆ, ಅಳತೆ ಸಿಗುವುದಿಲ್ಲ. ಮೂಗಿನಿಂದ ನಾಲ್ಕು ಎಣಿಸುವಷ್ಟು ಒಳಗೆ, ಆರು ಎಣಿಸುವಷ್ಟು ಹೊರಗೆ, ನಿಮಿಷಕ್ಕೆ ಆರು ಉಸಿರು, ಐದು ನಿಮಿಷ. ಮನಸ್ಸು ಶಾಂತವಾಗಿರುವಾಗ ದಿನಕ್ಕೆ ಎರಡು ಸಲ ರೂಢಿ ಮಾಡಿಕೊಂಡರೆ ಮಾತ್ರ ದಿಗಿಲಿನ ಹೊತ್ತಿಗೆ ಕೈಗೆ ಸಿಗುತ್ತದೆ. ದೊಡ್ಡ ದೊಡ್ಡ ಉಸಿರು ಎಳೆಯುವುದು ಇಲ್ಲಿ ಆಗುವ ತಪ್ಪು. ಹಾಗೆ ಮಾಡಿದರೆ ರಕ್ತದ ಇಂಗಾಲದ ಡೈಆಕ್ಸೈಡ್ ಇಳಿದು ತಲೆ ತಿರುಗಿ, ಬೆರಳು ಜುಮ್ಮೆಂದು, ದಿಗಿಲು ಇಮ್ಮಡಿಯಾಗುತ್ತದೆ. ಉಸಿರು ಸಣ್ಣದಾಗಿ, ಸದ್ದಿಲ್ಲದೆ, ಹೊಟ್ಟೆಯಿಂದ ಆಗಬೇಕು. ಇದರಿಂದ ಮೈ ಬಿಸಿಯಾಗುವ ಸಲಗಳು ಕಡಿಮೆಯಾಗುತ್ತವೆ ಎಂದು ನಂಬಬೇಡಿ, ಆಗುವುದಿಲ್ಲ. ಬಿಸಿಗೆ ಮನಸ್ಸು ಹೆದರುವುದು ಕಡಿಮೆಯಾಗುತ್ತದೆ. ನಡಿಗೆ, ವ್ಯಾಯಾಮದ ಮಾತೂ ಹೀಗೇ: ವಾರಕ್ಕೆ 150 ನಿಮಿಷ ಬಿರುಸು ನಡಿಗೆ, ಎರಡು ದಿನ ಸ್ನಾಯು ಬಲಪಡಿಸುವ ಕೆಲಸ, ಇದು ಮನಸ್ಸಿಗೆ, ನಿದ್ದೆಗೆ, ಮೂಳೆಗೆ ಒಳ್ಳೆಯದು, ಬಿಸಿಗೆ ಔಷಧವಲ್ಲ. ಬಿಸಿ ಹೋಗಲೆಂದು ಶುರುಮಾಡಿ, ಹೋಗಲಿಲ್ಲವೆಂದು ಆರನೆಯ ವಾರಕ್ಕೆ ಬಿಟ್ಟುಬಿಡುವವರು ಬಹಳ.

ಕೋಪ ಉಕ್ಕುವ ಮುನ್ನ ದೇಹ ಸುಳಿವು ಕೊಡುತ್ತದೆ: ದವಡೆ ಬಿಗಿಯುತ್ತದೆ, ಹೆಗಲು ಮೇಲೇರುತ್ತದೆ, ಮಾತು ವೇಗವಾಗುತ್ತದೆ. ಆ ಸುಳಿವಿಗೆ ಮೊದಲೇ ಒಂದು ವಾಕ್ಯ ಗೊತ್ತುಮಾಡಿಟ್ಟುಕೊಳ್ಳಬೇಕು: 'ಹತ್ತು ನಿಮಿಷ ಬಿಡಿ, ಆಮೇಲೆ ಮಾತಾಡೋಣ.' ಹೇಳಿ ಜಾಗ ಬಿಟ್ಟು ಹೋಗಿ, ಹೇಳಿದ ಹೊತ್ತಿಗೆ ಮರಳಿ ಬರಬೇಕು. ಹೇಳದೆ ಎದ್ದುಹೋದರೆ ಅದೇ ಹೊಸ ಜಗಳ. ಮರಳಿ ಬರದಿದ್ದರೆ ಮುಂದಿನ ಸಲ ಆ ವಾಕ್ಯವನ್ನು ಯಾರೂ ನಂಬುವುದಿಲ್ಲ. ಆ ಹತ್ತು ನಿಮಿಷ ಜಗಳದ ಮಾತನ್ನೇ ಮೆಲುಕು ಹಾಕಿದರೆ ಕಾವು ಆರುವುದಿಲ್ಲ, ಕೈಗೆ ಕೆಲಸ ಬೇಕು. ಮನೆಯವರು ಆಡಬಾರದ ಮಾತು ಒಂದೇ: 'ನಿನಗೆ ಮುಟ್ಟು ನಿಲ್ತಾ ಇದೆ, ಅದಕ್ಕೇ ಹೀಗಾಡ್ತೀಯ.' ಅದು ವಿಷಯವನ್ನು ಬಿಟ್ಟು ಆಕೆಯನ್ನೇ ತಳ್ಳಿಹಾಕುತ್ತದೆ. 'ನಿನ್ನೆ ರಾತ್ರಿ ನಿದ್ದೆ ಬಂತಾ?' ಎಂದು ಕೇಳುವುದು ಸಾವಿರ ಪಾಲು ಮೇಲು.

ನಿದ್ದೆಗೆ ಕೆಲಸ ಮಾಡುವ ವಿಧಾನ ಸರಳವಲ್ಲ, ಆದರೆ ಪರೀಕ್ಷೆಗೆ ನಿಂತದ್ದು. ಬೆಳಗ್ಗೆ ಏಳುವ ಹೊತ್ತು ಒಂದೇ ಇರಬೇಕು, ರಾತ್ರಿ ಹೇಗೇ ಕಳೆದಿರಲಿ, ರಜೆಯಿರಲಿ. ಎಚ್ಚರವಾಗಿ ಸುಮಾರು 20 ನಿಮಿಷ ನಿದ್ದೆ ಬಾರದಿದ್ದರೆ ಹಾಸಿಗೆ ಬಿಟ್ಟೇಳಬೇಕು. ಮಂದ ಬೆಳಕಿನಲ್ಲಿ ಬೇಸರ ತರುವಂಥದ್ದೇನಾದರೂ ಮಾಡಿ, ಕಣ್ಣೆಳೆದಾಗ ಮರಳಬೇಕು. ಗಡಿಯಾರ ನೋಡಬಾರದು. ಹಾಸಿಗೆಯಲ್ಲಿ ಕಳೆಯುವ ಹೊತ್ತನ್ನು ನಿಜವಾಗಿ ಬರುವ ನಿದ್ದೆಯ ಹತ್ತಿರಕ್ಕೆ ತರಬೇಕು: ಎಂಟೂವರೆ ಗಂಟೆ ಮಲಗಿ ಆರು ಗಂಟೆ ನಿದ್ದೆ ಬರುತ್ತಿದ್ದರೆ ಆರೂವರೆ ಗಂಟೆ ಮಾತ್ರ ಮಲಗುವುದು. ಮಲಗಿದ ಹೊತ್ತಿನಲ್ಲಿ ಶೇ 85ಕ್ಕಿಂತ ಹೆಚ್ಚು ನಿದ್ದೆಯಾಗತೊಡಗಿದ ಮೇಲೆ ವಾರಕ್ಕೆ 15 ನಿಮಿಷದಂತೆ ಬೆಳೆಸುವುದು. ಐದೂವರೆ ಗಂಟೆಗಿಂತ ಕೆಳಗೆ ಇಳಿಸಬಾರದು. ಅಪಸ್ಮಾರ ಇರುವವರು, ಅತಿ ಉತ್ಸಾಹಕ್ಕೂ ಖಿನ್ನತೆಗೂ ಮನಸ್ಸು ತೂಗಾಡುವ ಬೈಪೋಲಾರ್ ತೊಂದರೆ ಇರುವವರು ವೈದ್ಯರನ್ನು ಕೇಳದೆ ಇದನ್ನು ಮಾಡಬಾರದು. ಮೊದಲ ಎರಡು ವಾರ ಹಗಲು ತೂಕಡಿಕೆ, ಸಿಡುಕು ಹೆಚ್ಚೇ ಆಗುತ್ತದೆ. ಹೆಚ್ಚಿನವರು ಕೈಬಿಡುವುದು ಅಲ್ಲೇ, ಸುಧಾರಣೆ ಬರುವುದು ಅದರಾಚೆ. 2016ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಬಿಸಿಯ ಕಾಟವಿದ್ದ ಹೆಂಗಸರಿಗೆ ಎಂಟು ವಾರಗಳಲ್ಲಿ ಆರು ಸಲ ಫೋನಿನಲ್ಲೇ ಇದನ್ನು ಕಲಿಸಿದಾಗ ನಿದ್ದೆ ಚೆನ್ನಾಗಿ ಸುಧಾರಿಸಿತು. ರಾತ್ರಿಯ ಚಿಂತೆಗೆ ಹಗಲಲ್ಲೇ 15 ನಿಮಿಷ ಗೊತ್ತುಮಾಡಿ, ಬರೆದು, ಎದುರಿಗೆ 'ನಾಳೆ ಮಾಡುವ ಒಂದು ಕೆಲಸ' ಎಂದು ನಮೂದಿಸಿದರೆ ಮೂರು ಗಂಟೆಗೆ ಅದೇ ಚಿಂತೆ ಬಂದಾಗ 'ಬರೆದಾಗಿದೆ' ಎಂದು ಹೇಳಿಕೊಳ್ಳಬಹುದು.

ಕೆಫೀನ್ ಅರ್ಧಕ್ಕಿಳಿಯಲು ಸುಮಾರು ಐದು ಗಂಟೆ ಬೇಕು. ಸಂಜೆ ಐದರ ಕಾಫಿಯ ಅರ್ಧ ಭಾಗ ರಾತ್ರಿ ಹತ್ತಕ್ಕೂ ಮೈಯಲ್ಲಿರುತ್ತದೆ. ಒಮ್ಮೆಗೇ ಬಿಟ್ಟರೆ ತಲೆನೋವು, ಸಿಡುಕು ವಾರದವರೆಗೂ ಕಾಡುವುದರಿಂದ ಮೂರು ನಾಲ್ಕು ದಿನಕ್ಕೊಂದು ಲೋಟ ಇಳಿಸಬೇಕು. ಮದ್ಯ ಬೇಗ ನಿದ್ದೆ ಹತ್ತಿಸಿ, ರಾತ್ರಿಯ ಎರಡನೇ ಅರ್ಧವನ್ನು ಹಾಳುಮಾಡುತ್ತದೆ.

ಇಷ್ಟರಲ್ಲಿ ತಗ್ಗದಿದ್ದರೆ ಔಷಧ ಕೇಳುವುದು ಸೋಲೇನೂ ಅಲ್ಲ. ಹಾರ್ಮೋನ್ ಚಿಕಿತ್ಸೆಯ ಬಗೆಗಿನ ಹೆದರಿಕೆ ಬಹುಪಾಲು 2002ರದು. ಆ ವರ್ಷ ಅಮೆರಿಕದ ದೊಡ್ಡ ಪ್ರಯೋಗವೊಂದನ್ನು ಅರ್ಧಕ್ಕೆ ನಿಲ್ಲಿಸಲಾಯಿತು. ಅದರಲ್ಲಿದ್ದ ಹೆಂಗಸರ ಸರಾಸರಿ ವಯಸ್ಸು 63. ಕೊಟ್ಟದ್ದು ಬಾಯಿಯ ಮೂಲಕ ಹಳೆಯ ಬಗೆಯ ಈಸ್ಟ್ರೋಜನ್, ಪ್ರೊಜೆಸ್ಟೆರಾನ್ ಬದಲಿಗೆ ಬಳಸುವ ಕೃತಕ ಪ್ರೊಜೆಸ್ಟಿನ್. ಕಂಡ ಹೆಚ್ಚುವರಿ ಸ್ತನ ಕ್ಯಾನ್ಸರ್ ವರ್ಷಕ್ಕೆ 10,000 ಹೆಂಗಸರಲ್ಲಿ ಸುಮಾರು 8. ಈ ಅಪಾಯ ಸುಳ್ಳಲ್ಲ, ಆದರೆ 48ರ ಹೆಂಗಸು ಚರ್ಮಕ್ಕೆ ಹಚ್ಚುವ ಔಷಧದ ಬಗ್ಗೆ ನಿರ್ಧರಿಸಲು ಅದೊಂದೇ ಸಾಲದು. 60ರೊಳಗೆ, ಅಥವಾ ಮುಟ್ಟು ನಿಂತ ಹತ್ತು ವರ್ಷದೊಳಗೆ ಶುರುಮಾಡಿದರೆ, ಬೇರೆ ಅಡ್ಡಿಗಳಿಲ್ಲದಿದ್ದರೆ, ಬಿಸಿ ಮತ್ತು ನಿದ್ದೆಯ ಕಾಟ ಜೋರಾಗಿರುವ ಹೆಚ್ಚಿನವರಲ್ಲಿ ಲಾಭವೇ ಹೆಚ್ಚೆಂದು ಈಗಿನ ಮಾರ್ಗಸೂಚಿಗಳು ಹೇಳುತ್ತವೆ. ಸಾಮಾನ್ಯವಾಗಿ 25ರಿಂದ 50 ಮೈಕ್ರೊಗ್ರಾಂ ಎಸ್ಟ್ರಡಯಾಲ್ (ಈಸ್ಟ್ರೋಜನ್ನಿನ ಒಂದು ಬಗೆ) ಇರುವ, ಚರ್ಮಕ್ಕೆ ಅಂಟಿಸುವ ಪಟ್ಟಿ ಅಥವಾ ಅದಕ್ಕೆ ಸಮನಾದ ಜೆಲ್. ಚರ್ಮದ ಮೂಲಕ ಕೊಟ್ಟಾಗ ರಕ್ತ ಹೆಪ್ಪುಗಟ್ಟುವ ಅಪಾಯ ಮಾತ್ರೆಗಿಂತ ಕಡಿಮೆ. ಗರ್ಭಕೋಶ ಇರುವವರು ಪ್ರೊಜೆಸ್ಟೆರಾನ್ ಜೊತೆಯಲ್ಲಿ ತೆಗೆದುಕೊಳ್ಳಲೇಬೇಕು, ಇಲ್ಲದಿದ್ದರೆ ಗರ್ಭಕೋಶದ ಒಳಪದರ ಬೆಳೆದು ಕ್ಯಾನ್ಸರ್‌ಗೆ ದಾರಿಯಾಗುತ್ತದೆ: ದಿನವೂ 100 ಮಿಲಿಗ್ರಾಂ, ಅಥವಾ ಮುಟ್ಟು ಇನ್ನೂ ಆಗುತ್ತಿರುವವರಿಗೆ ತಿಂಗಳಲ್ಲಿ 12ರಿಂದ 14 ರಾತ್ರಿ 200 ಮಿಲಿಗ್ರಾಂ. ಮಂಪರು ತರುವುದರಿಂದ ಇದನ್ನು ಮಲಗುವಾಗಲೇ ನುಂಗಬೇಕು. ಕೆಲವರಿಗೆ ಪ್ರೊಜೆಸ್ಟೆರಾನ್ ದಿನಗಳಲ್ಲೇ ಸಿಡುಕು ಹೆಚ್ಚುತ್ತದೆ. ಪುಸ್ತಕದಲ್ಲಿ ಅದು ಸ್ಪಷ್ಟವಾಗಿ ಕಾಣುತ್ತದೆ; ಆಗ ಎಲ್ಲವನ್ನೂ ನಿಲ್ಲಿಸುವುದು ತಪ್ಪು, ಬಗೆ ಬದಲಿಸಲು ವೈದ್ಯರನ್ನು ಕೇಳಬೇಕು. ಸ್ತನ ಕ್ಯಾನ್ಸರ್ ಆದವರು, ಕಾರಣ ತಿಳಿಯದ ರಕ್ತಸ್ರಾವ ಇರುವವರು, ರಕ್ತ ಹೆಪ್ಪುಗಟ್ಟಿದ್ದವರು, ಪಾರ್ಶ್ವವಾಯು, ಹೃದಯಾಘಾತ ಆದವರು, ಯಕೃತ್ತಿನ ಕಾಯಿಲೆ ಇರುವವರಿಗೆ ಇದು ಸಾಮಾನ್ಯವಾಗಿ ಹೊಂದುವುದಿಲ್ಲ. ಥೈರಾಕ್ಸಿನ್ ನುಂಗುತ್ತಿರುವವರು ಈಸ್ಟ್ರೋಜನ್ ಮಾತ್ರೆ ಶುರುಮಾಡಿದರೆ ಸುಮಾರು ಎರಡು ತಿಂಗಳಲ್ಲಿ ಟಿಎಸ್‌ಎಚ್ ಮತ್ತೆ ನೋಡಿಸಬೇಕು. ಬಿಸಿ ಕೆಲವು ವಾರಗಳಲ್ಲಿ ಇಳಿಯತೊಡಗುತ್ತದೆ. ಫಲ ತೀರ್ಮಾನಿಸಲು ಮೂರು ತಿಂಗಳು ಕೊಡಬೇಕು. ಇದು ಗರ್ಭನಿರೋಧಕವಲ್ಲ ಎಂಬುದನ್ನು ಒತ್ತಿ ಹೇಳಬೇಕಾಗಿದೆ. 50ರೊಳಗಿನವರು ಕೊನೆಯ ಮುಟ್ಟಿನಿಂದ ಎರಡು ವರ್ಷ, 50 ದಾಟಿದವರು ಒಂದು ವರ್ಷ ಗರ್ಭನಿರೋಧಕ ಬಳಸಬೇಕು.

ಹಾರ್ಮೋನ್ ಬೇಡದವರಿಗೆ, ಅಥವಾ ಆತಂಕವೇ ಮುಖ್ಯ ತೊಂದರೆಯಾದವರಿಗೆ, ಖಿನ್ನತೆಗೂ ಕೊಡುವ ಎಸ್ಸಿಟಲೊಪ್ರಾಮ್, ವೆನ್ಲಾಫಾಕ್ಸಿನ್‌ನಂಥ ಔಷಧಗಳಿವೆ. ಇವು ಬಿಸಿಯನ್ನೂ ತಗ್ಗಿಸುತ್ತವೆ, ಆತಂಕವನ್ನೂ ತಗ್ಗಿಸುತ್ತವೆ. ಮೊದಲ ಒಂದೆರಡು ವಾರ ತಳಮಳ, ಓಕರಿಕೆ ಹೆಚ್ಚಬಹುದು ಎಂದು ಮುಂಚೆಯೇ ಹೇಳದಿದ್ದರೆ ರೋಗಿ ಐದನೇ ದಿನಕ್ಕೆ ಮಾತ್ರೆ ಬಿಸಾಡುತ್ತಾರೆ. ಎಸ್ಸಿಟಲೊಪ್ರಾಮ್ 5 ಮಿಲಿಗ್ರಾಂನಿಂದ ಶುರುಮಾಡಿ ವಾರದ ನಂತರ 10ಕ್ಕೆ ಏರಿಸಿದರೆ ಈ ಕಷ್ಟ ಕಡಿಮೆ. ಆತಂಕ ಇಳಿಯಲು ನಾಲ್ಕರಿಂದ ಆರು ವಾರ ಬೇಕು. ನಿಲ್ಲಿಸುವಾಗ ಒಮ್ಮೆಗೇ ನಿಲ್ಲಿಸಬಾರದು. ಸ್ತನ ಕ್ಯಾನ್ಸರಿಗೆ ಟಮಾಕ್ಸಿಫೆನ್ ನುಂಗುವವರಿಗೆ ಇದೇ ಬಗೆಯ ಪರಾಕ್ಸೆಟಿನ್ ಬೇಡ, ಅದು ಟಮಾಕ್ಸಿಫೆನ್‌ನ ಕೆಲಸವನ್ನು ಕುಂದಿಸುತ್ತದೆ. ಬಿಸಿಗೆಂದೇ 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಫೆಜೊಲಿನೆಟಾಂಟ್‌ಗೆ ಶುರುವಿನಲ್ಲೂ ಆಮೇಲೂ ಯಕೃತ್ತಿನ ಪರೀಕ್ಷೆ ಅಗತ್ಯ. ದಿಗಿಲು ಇಳಿಸಿ ಮಂಪರು ತರುವ ಆಲ್ಪ್ರಜೊಲಾಮ್, ಕ್ಲೊನಜೆಪಾಮ್ ಮಾತ್ರ ಎರಡರಿಂದ ನಾಲ್ಕು ವಾರ ಮೀರಿ ಹೋಗಬಾರದು. ಹಳೆಯ ಚೀಟಿ ತೋರಿಸಿ ಅಂಗಡಿಯಿಂದ ತಂದು ವರ್ಷಗಟ್ಟಲೆ ನುಂಗಿದರೆ ಮಾತ್ರೆಯ ಪ್ರಭಾವ ಇಳಿದಾಗ ಬರುವ ಆತಂಕವನ್ನೇ ಕಾಯಿಲೆಯೆಂದು ತಿಳಿಯುವ ಸ್ಥಿತಿ ಬರುತ್ತದೆ, ಬಿಡುವುದು ಬಹಳ ಕಷ್ಟ. ಅಂಥವರು ತಾವಾಗಿ ಒಮ್ಮೆಗೇ ನಿಲ್ಲಿಸಲೂಬಾರದು.

ಆತಂಕ ಎಷ್ಟಿದೆ ಎಂದು ಅಳೆಯಲು ಜಿಎಡಿ-7 ಎಂಬ ಏಳು ಪ್ರಶ್ನೆಗಳ ಪಟ್ಟಿ ಇದೆ. ಒಂದೊಂದಕ್ಕೆ 0ರಿಂದ 3, ಒಟ್ಟು 21. ಹತ್ತು ಅಥವಾ ಹೆಚ್ಚು ಬಂದರೆ ವೈದ್ಯರನ್ನು ಕಾಣಬೇಕು. ಸಾಯಬೇಕೆಂಬ ಯೋಚನೆ ಸುಳಿದರೆ ಅಂಕ ಎಷ್ಟೇ ಇರಲಿ, ಅದೇ ದಿನ ಒಬ್ಬರಿಗೆ ಹೇಳಿ, ಅದೇ ದಿನ ನೆರವು ಪಡೆಯಬೇಕು, ಒಬ್ಬರೇ ಇರಬಾರದು. ನಿದ್ದೆಯಿಲ್ಲದೆಯೂ ದಿನಗಟ್ಟಲೆ ಉತ್ಸಾಹ ಉಕ್ಕಿ, ಖರ್ಚು, ಮಾತು ಹಿಡಿತ ತಪ್ಪಿದರೆ ಅದು ಬೇರೆಯೇ ಕಾಯಿಲೆ, ಅದಕ್ಕೆ ಖಿನ್ನತೆಯ ಮಾತ್ರೆ ಒಂದನ್ನೇ ಕೊಟ್ಟರೆ ಕೆಡುತ್ತದೆ. 12 ತಿಂಗಳು ಮುಟ್ಟು ನಿಂತ ಮೇಲೆ ಒಂದು ಹನಿ ರಕ್ತ ಕಂಡರೂ ತಡಮಾಡದೆ ತೋರಿಸಬೇಕು.

ಸಂಪಾದಕರಲ್ಲಿ ಒಂದು ವಿನಂತಿ. ಮೇಲೆ ಹೇಳಿದ ದಿನಚರಿಯ ಕೋಷ್ಟಕವನ್ನು, ಕತ್ತರಿಸಿ ಇಟ್ಟುಕೊಳ್ಳುವಂತೆ, ನಿಮ್ಮ ಆರೋಗ್ಯ ಪುಟದಲ್ಲಿ ಒಮ್ಮೆ ಅಚ್ಚುಮಾಡಿ. ವೈದ್ಯರ ಮುಂದೆ ಕೂತು 'ಏನೋ ಒಂಥರಾ ಆಗುತ್ತೆ' ಎನ್ನುವುದಕ್ಕೂ, 'ಎಂಟು ವಾರದಲ್ಲಿ 31 ರಾತ್ರಿ ಒದ್ದೆಯಾಗಿ ಎದ್ದಿದ್ದೇನೆ, ಅವುಗಳಲ್ಲಿ 26ರ ಮರುದಿನ ಸಿಡುಕು ಏಳಕ್ಕಿಂತ ಮೇಲಿದೆ' ಎಂದು ಹಾಳೆ ಮುಂದಿಡುವುದಕ್ಕೂ ಸಿಗುವ ಉತ್ತರ ಬೇರೆ ಬೇರೆ. ಚಿಕಿತ್ಸೆ ಯಾವುದೇ ಆಗಲಿ, ಮೂರು ತಿಂಗಳ ನಂತರದ ಭೇಟಿಗೆ ಅದೇ ಕೋಷ್ಟಕವನ್ನು ಮತ್ತೆ ತುಂಬಿಸಿ ಒಯ್ಯಬೇಕು. ಪ್ರಮಾಣ ಬದಲಿಸಬೇಕೋ, ಔಷಧ ಬದಲಿಸಬೇಕೋ, ಹಾಗೇ ಮುಂದುವರಿಸಬೇಕೋ ಎಂಬುದನ್ನು ಆಗ ಎರಡು ಹಾಳೆ ಅಕ್ಕಪಕ್ಕ ಇಟ್ಟು ನೋಡಬಹುದು.

ಇತಿ,
ಮಹಿಳೆಯರ ಆರೋಗ್ಯ ಸಲಹೆಯಲ್ಲಿ ತೊಡಗಿರುವ ಓದುಗರು